“ಎಲ್ಲರೂ ಹಾಕ್ತಾರೆ, ನಿಮಗೊಬ್ಬರಿಗೇ ಏನು ಕಷ್ಟ?” ಬೂಮ್ ಪಂಪ್ ವಾಪಸ್ ತಂದೆ, ತಪ್ಪಾ?

ಪಂಪ್_ಹೊಸಕೋಟೆ

ನಮಸ್ಕಾರ. ನನ್ನ ಹತ್ತಿರ ಎರಡು ಬೂಮ್ ಪಂಪ್ ಇವೆ (ಲಾರಿ ಮೇಲಿನ ಉದ್ದ ತೋಳಿನಿಂದ, ಅಂದರೆ ಬೂಮ್‌ನಿಂದ, ಕಾಂಕ್ರೀಟ್ ಮೇಲಕ್ಕೆ ತಳ್ಳುವ ಗಾಡಿ), ಎರಡೂ 36 ಮೀಟರ್. ಒಂದರ ಸಾಲ ಇನ್ನೂ ತೀರಿಲ್ಲ. ಹನ್ನೊಂದು ವರ್ಷ ನಾನೇ ರಿಮೋಟ್ ಹಿಡಿದು ಆಮೇಲೆ ಮಾಲೀಕ ಆದವನು. ಹೋದ ಶನಿವಾರ ನಡೆದದ್ದನ್ನು ಬರೆಯುತ್ತೇನೆ. ಉದ್ದ ಆಗುತ್ತದೆ, ಬೇಜಾರು ಮಾಡ್ಕೋಬೇಡಿ.

ಬೆಂಗಳೂರಿನ ಪೂರ್ವಕ್ಕೆ ಒಂದು ಮನೆ. ಮೂರನೇ ಮಹಡಿಯ ಮೋಲ್ಡ್, ಅಂದರೆ ಚಾವಣಿಗೆ ಕಾಂಕ್ರೀಟ್ ಹಾಕೋದು. ಫೋನಿನಲ್ಲಿ ಸೂಪರ್‌ವೈಸರ್ “ಜಾಗ ಬೇಕಾದಷ್ಟಿದೆ ಸಾರ್, ಲಾರಿ ಆರಾಮಾಗಿ ಬರುತ್ತೆ” ಅಂದಿದ್ದ. ಲಾರಿ ಬಂತು, ಸುಳ್ಳಲ್ಲ. ಆದರೆ ಲಾರಿ ಬರೋದು ಬೇರೆ, ಜಾಕ್ ಬಿಡೋದು ಬೇರೆ. ಜಾಕ್ ಅಂದರೆ ಗಾಡಿ ಉರುಳದ ಹಾಗೆ ಪಕ್ಕಕ್ಕೆ ಚಾಚಿ ನೆಲಕ್ಕೆ ಊರುವ ಕಾಲುಗಳು.

ಬೆಳಗ್ಗೆ ಆರೂವರೆಗೆ ನಮ್ಮ ಆಪರೇಟರ್ ಫೋನ್ ಮಾಡಿ “ಅಣ್ಣ, ನೀವೇ ಒಂದ್ಸಲ ಬಂದು ನೋಡಿ” ಅಂದ. ಅವನು ಸುಮ್ನೆ ಹಾಗನ್ನುವವನಲ್ಲ. ಹೋದೆ.

20 ಅಡಿ ರಸ್ತೆ. ಎಡಕ್ಕೆ ಮನೆ. ಬಲಕ್ಕೆ ಪಕ್ಕದ ಸೈಟಿನವರು ಬೇಸ್‌ಮೆಂಟಿಗೆ ಹತ್ತು ಅಡಿ ಅಗೆದು ಬಿಟ್ಟಿದ್ದಾರೆ. ಗೋಡೆ ಇಲ್ಲ, ತಡೆ ಇಲ್ಲ. ನಮ್ಮ ಗಾಡಿಯ ಮುಂದಿನ ಎರಡು ಕಾಲು ಪೂರ್ತಿ ಬಿಡೋಕೆ ಆರು ಮೀಟರ್‌ಗಿಂತ ಜಾಸ್ತಿ ಬೇಕು. 20 ಅಡಿ ಎಂದರೆ 6.1 ಮೀಟರ್, ಅದರಲ್ಲಿ ಎರಡು ಅಡಿ ಚರಂಡಿ. ಪೂರ್ತಿ ಬಿಟ್ಟರೆ ಎಡಗಾಲು ಚರಂಡಿಯ ಹಾಸುಗಲ್ಲಿನ ಮೇಲೆ, ಬಲಗಾಲು ಗುಂಡಿಯ ಅಂಚಿಗೆ ಮೂರು ಅಡಿಯಲ್ಲಿ. ಮನೆ ಮುಂದೆಯೇ ಹನ್ನೊಂದು ಕೆವಿ ಕರೆಂಟ್ ಲೈನ್.

ಮೇಸ್ತ್ರಿ ಹತ್ತಿರ ಹಾರೆ ಇಸ್ಕೊಂಡು ಬಲಗಾಲು ಕೂರುವ ಜಾಗದಲ್ಲಿ ನಿಲ್ಲಿಸಿ ಬಿಟ್ಟೆ. ಹೊಡೆಯಲಿಲ್ಲ, ಬರೀ ಕೈ ಬಿಟ್ಟೆ. ಒಂದು ಗೇಣು ಒಳಗೆ ಹೋಯಿತು. ಮೇಲೆ ಜಲ್ಲಿಪುಡಿ ಹಾಕಿ ಗಟ್ಟಿ ಕಾಣುವ ಹಾಗೆ ಮಾಡಿದ್ದರು, ಕೆಳಗೆಲ್ಲ ತುಂಬಿದ ಮಣ್ಣು. ಎರಡು ದಿನದ ಹಿಂದೆ ಮಳೆ ಬೇರೆ.

ಅಷ್ಟರಲ್ಲಿ ಎರಡು ಟಿಎಂ (ಕಾಂಕ್ರೀಟ್ ತರುವ ಮಿಕ್ಸರ್ ಲಾರಿ) ಬಂದು ನಿಂತು ಡ್ರಮ್ ತಿರುಗುತ್ತಿದೆ. ಮನೆಯವರು ಬಂದರು. ಪೂಜೆ ಆಗಿದೆ, ಗಳಿಗೆ 9:20ರವರೆಗೆ ಮಾತ್ರ. “ಅರ್ಧ ಜಾಕ್ ಬಿಟ್ಟು ಹಾಕಿ, ಎಲ್ಲರೂ ಹಾಕ್ತಾರೆ, ನಿಮಗೊಬ್ಬರಿಗೇ ಏನು ಕಷ್ಟ?” ಅಂದರು. ಆಮೇಲೆ ಐದು ಸಾವಿರ ಜಾಸ್ತಿ ಕೊಡ್ತೀನಿ ಅಂದರು. ಆಮೇಲೆ “ಏನಾದ್ರೂ ಆದ್ರೆ ನನ್ನ ಜವಾಬ್ದಾರಿ, ಬರೆದು ಕೊಡ್ತೀನಿ” ಅಂದರು. ಕೊನೆಗೆ ಬೈದರು.

ಗಾಡಿ ತಿರುಗಿಸಿಕೊಂಡು ಬಂದೆ.

ಹನ್ನೊಂದು ಗಂಟೆಗೆ ಇನ್ನೊಬ್ಬರ ಪಂಪ್ ಬಂತು. ಅರ್ಧ ಜಾಕ್ ಬಿಟ್ಟರು. ನಾಲ್ಕು ಗಂಟೆಗೆ ಮೋಲ್ಡ್ ಮುಗಿಯಿತು. ಸಂಜೆ ವಾಟ್ಸಾಪಿನಲ್ಲಿ ಫೋಟೋ ಬಂತು, ಮೇಲೆ ಬೂಮ್ ಆಡುತ್ತಿದೆ, ಕೆಳಗೆ ಬರಹ: “ಏನೂ ಆಗ್ಲಿಲ್ಲ ನೋಡಿ.” ಒಂದು ಟಿಎಂ ಬೇರೆ ಸೈಟಿಗೆ ತಿರುಗಿಸಿದರಂತೆ, ಇನ್ನೊಂದು ಲೋಡ್ ಹಾಳಾಯಿತಂತೆ. ಅದರ 32,000 ನಾನು ಕೊಡಬೇಕಂತೆ.

ಕೊಡಬೇಕಾ? ನಾನು ಮಾಡಿದ್ದು ಜಾಸ್ತಿ ಆಯ್ತಾ?

ಮೂವತ್ತು_ನಲವತ್ತು

ನಾನು ಗುತ್ತಿಗೆದಾರ. ನಿಮಗೆ ಇಷ್ಟ ಆಗದ ಮಾತು ಹೇಳುತ್ತೇನೆ. ವಾಪಸ್ ತಂದದ್ದು ಸರಿ ಇರಬಹುದು. ಆದರೆ ಹಿಂದಿನ ದಿನ ಯಾಕೆ ಹೋಗಿ ನೋಡಲಿಲ್ಲ? ಮೋಲ್ಡ್ ದಿನ ಅಂದರೆ ನಮ್ಮ ಕಡೆ ಇಪ್ಪತ್ತು ಜನ ನಿಂತಿರುತ್ತಾರೆ. ಕಂಬಿ ಕಟ್ಟಿ ಆಗಿದೆ, ಸೆಂಟ್ರಿಂಗ್ ಬಾಡಿಗೆ ಓಡುತ್ತಿದೆ, ಮಧ್ಯಾಹ್ನದ ಊಟಕ್ಕೆ ಹೇಳಿ ಆಗಿದೆ. ಆಗ ಬಂದು “ಆಗಲ್ಲ” ಅಂದರೆ ಯಾರಿಗೆ ತಾನೇ ರೇಗಲ್ಲ? ಇನ್ನೊಂದು ವಿಷಯ. ಒಂದು ಕಡೆ ಜಾಕ್ ಕಮ್ಮಿ ಬಿಟ್ಟು ಕೆಲಸ ಮಾಡುವ ಪಂಪ್‌ಗಳು ಇವೆ. ನಾನೇ ನೋಡಿದ್ದೇನೆ.

ಪಂಪ್_ಹೊಸಕೋಟೆ

ಹಿಂದಿನ ದಿನ ಹೋಗದೆ ಇದ್ದದ್ದು ನನ್ನ ತಪ್ಪೇ ಸಾರ್. ಒಪ್ಪಿದೆ. ಶುಕ್ರವಾರ ಎರಡೂ ಗಾಡಿ ಕೆಲಸದಲ್ಲಿದ್ದವು, ಸೂಪರ್‌ವೈಸರ್ ಮಾತು ನಂಬಿದೆ.

ಒಂದು ಕಡೆ ಕಮ್ಮಿ ಬಿಡೋದರ ಬಗ್ಗೆ: ಹೊಸ ಗಾಡಿಗಳಲ್ಲಿ ಆ ವ್ಯವಸ್ಥೆ ಬರುತ್ತದೆ, ನಿಜ. ಅದರಲ್ಲೂ ಬೂಮ್ ಪೂರ್ತಿ ಬಿಟ್ಟ ಕಡೆಗೇ ಇರಬೇಕು, ಆ ಕಡೆ ದಾಟಿದರೆ ಗಾಡಿಯೇ ನಿಲ್ಲಿಸುತ್ತದೆ. ನನ್ನವು ಹಳೇ ಗಾಡಿ, ಅದು ಇಲ್ಲ. ಆಮೇಲೆ ಬಂದ ಪಂಪ್ ಕೂಡ ಹಳೆಯದೇ, ನಂಬರ್ ನೋಡಿ ಗೊತ್ತಾಯಿತು. ಹಳೇ ಗಾಡಿಯಲ್ಲಿ ಅರ್ಧ ಜಾಕ್ ಅಂದರೆ ಆಪರೇಟರ್ ನೆನಪಿನ ಮೇಲೆ ಗಾಡಿ ನಿಂತಿದೆ ಅಂತ ಅರ್ಥ. ಐದು ಗಂಟೆ ಹೊತ್ತು ಒಂದು ಸಲವೂ ಮರೆಯಬಾರದು.

ಸೈಟ್_ಇಂಜಿನಿಯರ್_ಮೈಸೂರು

ಲೆಕ್ಕ ಹಾಕಿ ನೋಡೋಣ, ಆಗ ಜಗಳ ಕಮ್ಮಿ ಆಗುತ್ತದೆ.

ಬೂಮ್ ಯಾವ ಕಡೆ ಚಾಚುತ್ತದೋ ಆ ಕಡೆಯ ಕಾಲಿನ ಮೇಲೆ ಗಾಡಿಯ ಬಹುಪಾಲು ಭಾರ ಬೀಳುತ್ತದೆ. ಎಷ್ಟು ಅಂತ ಕಂಪನಿಯವರು ಕಾಲಿನ ಮೇಲೆಯೇ ಬರೆದಿರುತ್ತಾರೆ, ಕಿಲೋನ್ಯೂಟನ್ ಲೆಕ್ಕದಲ್ಲಿ. ಹತ್ತರಿಂದ ಭಾಗಿಸಿದರೆ ಹೆಚ್ಚುಕಮ್ಮಿ ಟನ್. ಇಲ್ಲಿ 18 ಟನ್ ಅಂತ ಇಟ್ಟುಕೊಳ್ಳಿ. ಎರಡು ಅಡಿ ಚೌಕದ ಹಲಗೆ ಇಟ್ಟರೆ ಅದು ಹೆಚ್ಚುಕಮ್ಮಿ 0.36 ಚದರ ಮೀಟರ್. ಅಂದರೆ ಚದರ ಮೀಟರಿಗೆ 50 ಟನ್. ಸಾಮಾನ್ಯ ಮಣ್ಣಿನಲ್ಲಿ ಮನೆಯ ಪಾಯಕ್ಕೆ ನಾವು ಹಿಡಿಯುವುದು 15ರಿಂದ 20 ಟನ್. ಅದೂ ತುಂಬಿದ ಮಣ್ಣಿಗಲ್ಲ. ಸ್ಲೀಪರ್ (ದಪ್ಪ ಮರದ ತೊಲೆ) ಅಡ್ಡ ಉದ್ದ ಜೋಡಿಸಿ ನಾಲ್ಕು ಅಡಿ ಚೌಕ ಮಾಡಿದರೆ 12.5 ಟನ್‌ಗೆ ಇಳಿಯುತ್ತದೆ. ಸ್ಲೀಪರ್ ಯಾಕೆ ಅಂತ ಕೇಳುವವರಿಗೆ ಇಷ್ಟೇ ಉತ್ತರ.

ಆದರೆ ಗುಂಡಿ ಪಕ್ಕದಲ್ಲಿ ಸ್ಲೀಪರ್ ಕೂಡ ಕಾಪಾಡಲ್ಲ. ಅಲ್ಲಿ ಮಣ್ಣು ಕುಸಿಯುವುದು ಕೆಳಕ್ಕಲ್ಲ, ಪಕ್ಕಕ್ಕೆ ಜಾರುತ್ತದೆ. ಗುಂಡಿ ಎಷ್ಟು ಆಳವೋ ಕನಿಷ್ಠ ಅಷ್ಟು ದೂರ ಇರಬೇಕು ಅನ್ನೋದು ನಾವು ಬಳಸುವ ಸುಲಭದ ಲೆಕ್ಕ. ಹತ್ತು ಅಡಿ ಆಳ, ಮೂರು ಅಡಿ ದೂರ. ಇದರಲ್ಲಿ ಚರ್ಚೆ ಮಾಡೋಕೆ ಏನೂ ಇಲ್ಲ.

ಎಡಗಾಲಿನ ಕೆಳಗಿನ ಹಾಸುಗಲ್ಲಿನ ಬಗ್ಗೆ ಯಾರೂ ಮಾತಾಡಲಿಲ್ಲ. ಬೂಮ್ ಮನೆ ಕಡೆ ತಿರುಗಿದಾಗ ಭಾರ ಪೂರ್ತಿ ಅದರ ಮೇಲೆಯೇ. ಎರಡು ಇಂಚು ಕಲ್ಲು, ಕೆಳಗೆ ಟೊಳ್ಳು. ನನಗೆ ಗುಂಡಿಗಿಂತ ಅದರದ್ದೇ ಭಯ ಜಾಸ್ತಿ.

ಹೈಡ್ರಾ_ಹುಬ್ಬಳ್ಳಿ

ಅಣ್ಣಾರ, ನೀವು ಮಾಲೀಕರು, ಗಾಡಿ ತಿರುಗಿಸಿದಿರಿ. ನಾವು ತಿಂಗಳ ಸಂಬಳಕ್ಕೆ ಗಾಡಿ ಓಡಿಸುವವರು. ಮಾಲೀಕರು “ಆಗಲ್ಲ” ಅಂದರೆ ಅದು ನಿರ್ಧಾರ. ಆಪರೇಟರ್ ಅಂದರೆ ಅದು ಸೊಕ್ಕು.

ನಂದು 14 ಟನ್ ಹೈಡ್ರಾ, ಅಂದರೆ ಚಕ್ರದ ಮೇಲೆ ಓಡುವ ಸಣ್ಣ ಕ್ರೇನ್. ಹದಿನಾಲ್ಕು ಅನ್ನೋದು ಬೂಮ್ ಮಡಚಿ, ಲೋಡ್ ಮೂಗಿನ ಹತ್ತಿರ ಇದ್ದಾಗಿನ ಮಾತು. ಬೂಮ್ ಪೂರ್ತಿ ಬಿಟ್ಟರೆ ಎರಡು ಮೂರು ಟನ್‌ಗೆ ಇಳಿಯುತ್ತದೆ. ಸ್ಟೇರಿಂಗ್ ತಿರುಗಿಸಿದರೆ ಗಾಡಿ ನಡುವೆ ಬಾಗಿ ನಿಲ್ಲುತ್ತದಲ್ಲ, ಆಗ ಇನ್ನೂ ಕಮ್ಮಿ. ಇದನ್ನು ಸೈಟಿನವರಿಗೆ ಹೇಳಿ ನೋಡಿ. “ಹದಿನಾಲ್ಕು ಅಂತ ಗಾಡಿ ಮ್ಯಾಲೆ ಬರೆದೈತಿ, ನಾಲ್ಕು ಟನ್ ಎತ್ತಾಕ ಏನ್ರೀ ನಿಂದು?” ಅಂತಾರೆ.

ನಾಲ್ಕು ವರ್ಷದ ಹಿಂದೆ ಒಂದು ಕಡೆ ಜನರೇಟರ್ ಎತ್ತಿ ಕಟ್ಟೆ ಮೇಲೆ ಇಡಬೇಕಿತ್ತು. ಲೋಡ್ ಮೀಟರ್ ಕೂಗೋಕೆ ಶುರು ಮಾಡಿತು. ಸೂಪರ್‌ವೈಸರ್ “ಆ ಕೂಗೂದ ಬಂದ್ ಮಾಡು” ಅಂದ. ಬಂದ್ ಮಾಡಿದೆ. ನನ್ನದೇ ತಪ್ಪು, ಮುಚ್ಚಿಡಲ್ಲ. ಹಿಂದಿನ ಚಕ್ರ ಒಂದು ಗೇಣು ಮೇಲೆದ್ದವು. ಆಗ ಏನು ಮಾಡಿದರು ಗೊತ್ತಾ? ನಾಲ್ಕು ಜನ ಹೆಲ್ಪರ್‌ಗಳನ್ನು ಗಾಡಿಯ ಹಿಂದೆ ಹತ್ತಿಸಿ ನಿಲ್ಲಿಸಿದರು, ಭಾರಕ್ಕೆ. ಎಲ್ಲಾ ಸೇರಿ 250 ಕೆಜಿ ಇರಬಹುದು. ಒಬ್ಬ ನಗುತ್ತಾ ಮೊಬೈಲಿನಲ್ಲಿ ವಿಡಿಯೊ ತೆಗೆಯುತ್ತಿದ್ದ. ಗಾಡಿ ಉರುಳಿದ್ದರೆ ಮೊದಲು ಹೋಗುವವರು ಅವರೇ. ಮೆಲ್ಲಗೆ ಲೋಡ್ ಕೆಳಗಿಳಿಸಿ ಕೀ ತೆಗೆದುಕೊಂಡು ಇಳಿದೆ. ಅವತ್ತಿನ ಭತ್ಯೆ ಕೊಡಲಿಲ್ಲ. ಮಾಲೀಕ ಮೂರು ದಿನ ಮಾತಾಡಿಸಲಿಲ್ಲ.

ಮನೆ_ಕಟ್ಟಿನೋಡು

ನಾವು ಈಗ ಮನೆ ಕಟ್ಟಿಸುತ್ತಿದ್ದೇವೆ, ಮುಂದಿನ ತಿಂಗಳು ಮೊದಲ ಮೋಲ್ಡ್. ಓದಿ ಕೈಕಾಲು ತಣ್ಣಗಾಯಿತು. ನಮ್ಮಂಥವರಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಕಾಂಟ್ರಾಕ್ಟರ್ ಪಂಪ್ ತರಿಸುತ್ತಾರೆ, ನಾವು ಸಿಹಿ ಹಂಚುತ್ತೇವೆ, ಅಷ್ಟೇ. ಜಾಗ ಇಲ್ಲದ ಕಡೆ ಬೇರೆ ದಾರಿಯೇ ಇಲ್ವಾ?

ಪಂಪ್_ಹೊಸಕೋಟೆ

ಇದೆ ಮೇಡಂ/ಸಾರ್. ಲೈನ್ ಪಂಪ್ ಅಂತ ಬರುತ್ತದೆ. ಪಂಪ್ ರಸ್ತೆಯ ತುದಿಯಲ್ಲಿ ನಿಂತಿರುತ್ತದೆ, ಅಲ್ಲಿಂದ ಮನೆ ಮೇಲಿನವರೆಗೆ ಪೈಪ್ ಜೋಡಿಸುತ್ತಾರೆ. ಬೂಮ್ ಇಲ್ಲ, ಹಾಗಾಗಿ ಉರುಳೋದು ಇಲ್ಲ, ಲೈನಿಗೆ ತಗಲೋದೂ ಇಲ್ಲ. ಪೈಪ್ ಹಾಕಿ ತೆಗೆಯೋಕೆ ಎರಡು ಮೂರು ಗಂಟೆ ಜಾಸ್ತಿ, ಮೇಲೆ ಪೈಪ್ ಎಳೆಯೋಕೆ ಜನ ಜಾಸ್ತಿ. ಅದರಲ್ಲೂ ಕ್ಲಾಂಪ್ ಸರಿ ಇಲ್ಲದೆ ಬಿಚ್ಚಿಕೊಂಡರೆ ಅಪಾಯ, ಆದರೆ ಅದು ಬೇರೆ ಕಥೆ. ಇಲ್ಲಾಂದ್ರೆ ಹಳೇ ಲಿಫ್ಟ್ ಮಷಿನ್. ಶನಿವಾರ ಆ ಮನೆಯವರಿಗೂ ಇದನ್ನೇ ಹೇಳಿದೆ. “ಇವತ್ತು ಸಾಧ್ಯ ಇಲ್ಲ” ಅಂದರು.

ಪವರ್‌ಮ್ಯಾನ್_ಕೋಲಾರ

ಲೈನ್ ವಿಷಯ ಎಲ್ಲರೂ ಒಂದೇ ಸಾಲಲ್ಲಿ ದಾಟಿಬಿಟ್ಟಿರಿ. ನಾನು ಅದೇ ಕೆಲಸದವನು, ಸ್ವಲ್ಪ ಹೇಳುತ್ತೇನೆ.

ಹನ್ನೊಂದು ಕೆವಿ ತಂತಿಗೆ ಮೇಲೆ ಏನೂ ಹೊದಿಕೆ ಇರಲ್ಲ. ಕೆಲವರು ಮನೆ ಮುಂದೆ ಪಿವಿಸಿ ಪೈಪ್ ಸೀಳಿ ತಂತಿಗೆ ಸಿಕ್ಕಿಸಿರುತ್ತಾರೆ, ಅದು ಸಮಾಧಾನಕ್ಕೆ ಮಾತ್ರ. ಬೂಮ್ ಮುಟ್ಟಲೇಬೇಕು ಅಂತಲೂ ಇಲ್ಲ, ತೀರಾ ಹತ್ತಿರ ಬಂದರೆ ಸಾಕು, ಹಾರುತ್ತದೆ. ಬೂಮ್ ತುದಿ ಅಲ್ಲಾಡದೆ ನಿಲ್ಲುವ ವಸ್ತುವೂ ಅಲ್ಲ. ಪಂಪ್ ಒಂದೊಂದು ಸಲ ತಳ್ಳಿದಾಗಲೂ ಕುಣಿಯುತ್ತದೆ. ಆಗ ಮೊದಲು ಹೊಡೆಯುವುದು ಯಾರಿಗೆ? ಮೇಲೆ ರಬ್ಬರ್ ಹೋಸ್ ಹಿಡಿದುಕೊಂಡು ಒದ್ದೆ ಕಾಂಕ್ರೀಟಿನಲ್ಲಿ ನಿಂತಿರುವ ಹುಡುಗನಿಗೆ. ರಬ್ಬರ್ ಅಲ್ವಾ ಅಂತಾರೆ. ಒಳಗೆ ಉಕ್ಕಿನ ತಂತಿ ಇರುತ್ತದೆ, ತುಂಬ ಹಸಿ ಕಾಂಕ್ರೀಟ್.

ಇನ್ನೊಂದು ಮುಖ್ಯ ಮಾತು. ತಗಲಿದಾಗ ಢಂ ಅಂತ ಶಬ್ದ ಬಂದು ಬೀದಿಯ ಕರೆಂಟ್ ಹೋಗುತ್ತದೆ. ಜನ “ಲೈನ್ ಸತ್ತಿದೆ” ಅಂದುಕೊಂಡು ಗಾಡಿ ಮುಟ್ಟೋಕೆ ಓಡುತ್ತಾರೆ. ಹಾಗೆ ಮಾಡಬೇಡಿ. ಸಬ್‌ಸ್ಟೇಷನ್ನಿನಲ್ಲಿರುವವರಿಗೆ ಇಲ್ಲಿ ಏನಾಗಿದೆ ಅಂತ ಗೊತ್ತಿರಲ್ಲ. ಕೊಂಬೆ ತಗಲಿರಬಹುದು ಅಂತ ಸ್ವಲ್ಪ ಹೊತ್ತಿಗೆ ಮತ್ತೆ ಚಾರ್ಜ್ ಮಾಡಿ ನೋಡುತ್ತಾರೆ. ಎರಡನೇ ಸಾವು ಆಗೋದು ಆಗ. ದೂರ ನಿಂತು 1912ಕ್ಕೆ ಫೋನ್ ಮಾಡಿ, ಬಂದವರು ಎಲ್‌ಸಿ (ಲೈನ್ ಆಫ್ ಇದೆ ಅನ್ನುವ ಲೈನ್ ಕ್ಲಿಯರ್) ತಗೊಂಡು ಅರ್ತ್ ಮಾಡಿದ ಮೇಲೆ ಹತ್ತಿರ ಹೋಗಿ.

ಮೋಲ್ಡ್ ದಿನ ಲೈನ್ ಆಫ್ ಮಾಡಿಸೋಕೆ ಸೆಕ್ಷನ್ ಆಫೀಸಿನಲ್ಲಿ ಮೊದಲೇ ಅರ್ಜಿ ಕೊಡಬಹುದು. ಅಲೆದಾಟ ಇದೆ, ಇಲ್ಲ ಅನ್ನಲ್ಲ.

ಮೂವತ್ತು_ನಲವತ್ತು

ಅಲೆದಾಟ ಅಂತ ನೀವೇ ಒಪ್ಪಿದಿರಲ್ಲ, ಅದೇ ದೊಡ್ಡದು 😀

ಸರಿ, ಲೆಕ್ಕ ಒಪ್ಪಿದೆ, ಕರೆಂಟ್ ಒಪ್ಪಿದೆ. ಆದರೆ ಮನೆಯವರು ಬರೆದು ಕೊಡ್ತೀನಿ ಅಂದರಲ್ಲ? ಬಾಂಡ್ ಪೇಪರ್ ಮೇಲೆ ಸಹಿ ಹಾಕಿಸಿಕೊಂಡರೆ ಪಂಪಿನವರಿಗೆ ಏನು ತೊಂದರೆ?

ಕೋರ್ಟ್_ಹಾದಿ

ಆ ಕಾಗದ ಕಡ್ಲೆಕಾಯಿ ಕಟ್ಟೋಕೆ ಆಗುತ್ತದೆ. ಸಾವು ಆದರೆ ಅದು ಇಬ್ಬರ ನಡುವಿನ ವ್ಯವಹಾರ ಅಲ್ಲ, ಸರ್ಕಾರದ ಕೇಸು. ಅಜಾಗರೂಕತೆಯಿಂದ ಸಾವು ಅಂದರೆ ಹಿಂದೆ ಐಪಿಸಿ 304ಎ, ಎರಡು ವರ್ಷದವರೆಗೆ ಇತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್, ಐದು ವರ್ಷದವರೆಗೆ. ಅಪಾಯ ಗೊತ್ತಿದ್ದೇ ಮಾಡಿದಿರಿ ಅನ್ನೋದಕ್ಕೆ ಆ ಬಾಂಡ್ ಪೇಪರೇ ಸಾಕ್ಷಿ ಆಗುತ್ತದೆ. ಅಪಾಯ ಇಲ್ಲ ಅಂತಿದ್ದರೆ ಬರೆಸಿಕೊಂಡದ್ದು ಯಾಕೆ?

ಅಬುಧಾಬಿ_ಅಣ್ಣ

ನಾನು ಕುಂದಾಪುರದವನು, ಇಲ್ಲಿ ಒಂಬತ್ತು ವರ್ಷದಿಂದ ಮೊಬೈಲ್ ಕ್ರೇನ್ ಓಡಿಸುತ್ತಿದ್ದೇನೆ. ಇಲ್ಲಿ ಲಿಫ್ಟಿಂಗ್ ಪ್ಲಾನ್‌ಗೆ ಸಹಿ ಬೀಳದೆ ಹುಕ್ ಮೇಲೇಳಲ್ಲ. ಯಾರ ಹತ್ತಿರವೂ ಜಗಳ ಆಡಬೇಕಿಲ್ಲ, “ಪೇಪರ್ ಇಲ್ಲ” ಅಂದರೆ ಮುಗಿಯಿತು. ಊರಿನಲ್ಲಿ ಇದ್ದಾಗ ಧೈರ್ಯ ಬೇಕಿತ್ತು, ಇಲ್ಲಿ ಪೇಪರ್ ಇದ್ದರೆ ಸಾಕು. ಹಾಗಂತ ಇಲ್ಲಿನವರೆಲ್ಲ ಸಾಚಾ ಅಂದ್ಕೋಬೇಡಿ. ಸಂಜೆ ಐದರ ಮೇಲೆ, ಸೇಫ್ಟಿಯವರು ಮನೆಗೆ ಹೋದ ಮೇಲೆ, “ಒಂದೇ ಒಂದು ಲಿಫ್ಟ್ ಭಾಯ್” ಅಂತ ಬರುವವರು ಇಲ್ಲೂ ಇದ್ದಾರೆ.

ತರಬೇತಿಯಲ್ಲಿ ನಮಗೆ ಒಂದು ವಿಡಿಯೊ ತೋರಿಸುತ್ತಾರೆ. ಅಮೆರಿಕದ ಮಿಲ್ವಾಕಿಯಲ್ಲಿ ಸ್ಟೇಡಿಯಂ ಕಟ್ಟುವಾಗ, 1999ರ ಜುಲೈ 14, ‘ಬಿಗ್ ಬ್ಲೂ’ ಅನ್ನುವ ಭಾರಿ ಕ್ರೇನ್ ಬಿದ್ದದ್ದು. ಎತ್ತುತ್ತಿದ್ದದ್ದು 400 ಟನ್ ಮೇಲಿನ ಚಾವಣಿ ತುಂಡು. ಭಾರದ ಲೆಕ್ಕ ಇತ್ತು. ಅಷ್ಟು ಅಗಲದ ಚಾವಣಿಗೆ ಗಾಳಿ ಹೊಡೆದರೆ ಎಷ್ಟು ತಳ್ಳುತ್ತದೆ ಅನ್ನುವ ಲೆಕ್ಕ ಹಿಡಿದಿರಲಿಲ್ಲ. ಮೂವರು ಕೆಲಸಗಾರರು ಸತ್ತರು. ಅವರು ಕ್ರೇನಿನಲ್ಲಿ ಇರಲಿಲ್ಲ, ಇನ್ನೊಂದು ಕ್ರೇನಿನ ಬುಟ್ಟಿಯಲ್ಲಿ ಮೇಲೆ ನಿಂತು ಕಾಯುತ್ತಿದ್ದರು. ಆ ವಿಡಿಯೊ ಮುಗಿದ ಮೇಲೆ ಕ್ಲಾಸಿನಲ್ಲಿ ಯಾರೂ ಮಾತಾಡಲ್ಲ.

ಸೈಟ್_ಇಂಜಿನಿಯರ್_ಮೈಸೂರು

ನಮ್ಮಲ್ಲೇ ನೋಡಿ. 2023ರ ಜನವರಿ 10, ನಾಗವಾರದ ಹತ್ತಿರ ಮೆಟ್ರೊ ಕಂಬದ ಕಂಬಿ ಗೂಡು ರಸ್ತೆಗೆ ಬಿತ್ತು. ಸ್ಕೂಟರಿನಲ್ಲಿ ಹೋಗುತ್ತಿದ್ದ ತಾಯಿ, ಎರಡೂವರೆ ವರ್ಷದ ಮಗು ಹೋದರು. ಅವರಿಗೂ ಆ ಕೆಲಸಕ್ಕೂ ಏನು ಸಂಬಂಧ? ಬರೆದು ಕೊಡ್ತೀನಿ ಅನ್ನುವವರು ರಸ್ತೆಯಲ್ಲಿ ಹೋಗುವವರ ಪರವಾಗಿ ಬರೆದು ಕೊಡೋಕೆ ಆಗಲ್ಲ.

ಮನೆ_ಕಟ್ಟಿನೋಡು

ಒಂದು ಪ್ರಶ್ನೆ. ಇನ್ನೊಂದು ಪಂಪಿನವರು ಹಾಕಿದರು, ಏನೂ ಆಗಲಿಲ್ಲ. ಹಾಗಾದರೆ ಇವರು ಹೇಳಿದ್ದು ತಪ್ಪಾಯಿತು ಅಂತಲೇ ಆ ಮನೆಯವರಿಗೆ ಅನಿಸಿರುತ್ತದೆ ಅಲ್ವಾ? ನನಗೂ ಅನಿಸುತ್ತಿತ್ತೇನೋ.

ಹೈಡ್ರಾ_ಹುಬ್ಬಳ್ಳಿ

ಅದೇ ನೋಡ್ರಿ ಸಂಕಟ. ಏನೂ ಆಗಲಿಲ್ಲ ಅನ್ನೋಕೆ ಅವರ ಹತ್ತಿರ ಫೋಟೋ ಇದೆ. ಏನು ಆಗಬಹುದಿತ್ತು ಅನ್ನೋಕೆ ನಮ್ಮ ಹತ್ತಿರ ಫೋಟೋ ಇಲ್ಲ.

ಸೈಟ್_ಇಂಜಿನಿಯರ್_ಮೈಸೂರು

👆 ಇದಕ್ಕಿಂತ ಚೆನ್ನಾಗಿ ನನಗೆ ಹೇಳೋಕೆ ಬರಲ್ಲ. ಒಂದೇ ಸೇರಿಸುತ್ತೇನೆ. ಅದೇ ಆಪರೇಟರ್ ಮುಂದಿನ ಸಲ ಇನ್ನೂ ಅರ್ಧ ಅಡಿ ಕಮ್ಮಿ ಬಿಡುತ್ತಾನೆ, ಹೋದ ಸಲ ಏನೂ ಆಗಲಿಲ್ಲವಲ್ಲ ಅಂತ.

ಮೂವತ್ತು_ನಲವತ್ತು

ನಿಜ ಹೇಳಲಾ? ನಾನೂ ಅರ್ಧ ಜಾಕ್ ಹಾಕಿಸಿದ್ದೇನೆ. ಒಂದಲ್ಲ, ನಾಲ್ಕೈದು ಸಲ. ಒಂದು ಸಲ ಯುಜಿಡಿ (ಒಳಚರಂಡಿ) ಚೇಂಬರ್ ಮುಚ್ಚಳದ ಮೇಲೆ ಜಾಕ್ ಕೂತು ಮುಚ್ಚಳ ಪಟ್ ಅಂತ ಒಡೆಯಿತು. ಗಾಡಿ ಒಂದು ಪಕ್ಕಕ್ಕೆ ವಾಲಿ ನಿಂತಿತು. ಬೂಮ್ ಇನ್ನೂ ಬಿಚ್ಚಿರಲಿಲ್ಲ, ಬದುಕಿದೆವು. ಬಿಚ್ಚಿದ್ದರೆ ಕೆಳಗೆ ಚಹಾ ಕುಡಿಯುತ್ತಾ ನಿಂತಿದ್ದವನು ನಾನೇ. ಅವತ್ತು ನಾನು ಪಂಪಿನವನಿಗೆ ಬೈದೆ, “ನೋಡ್ಕೊಂಡು ಹಾಕೋಕೆ ಆಗಲ್ವಾ” ಅಂತ. ಅಲ್ಲಿ ಹಾಕು ಅಂದದ್ದು ನಾನೇ.

ದುಡ್ಡಿನ ವಿಷಯಕ್ಕೆ ಬರೋಣ. 32,000 ಕೊಡಬೇಡಿ. ಆದರೆ ನೋಡೋಕೆ ಹೋಗದ ತಪ್ಪಿಗೆ ಗಾಡಿ ಬಂದು ಹೋದ ಬಾಡಿಗೆ ಬಿಡಿ. ನಾನಾಗಿದ್ದರೆ ಅಷ್ಟಕ್ಕೆ ಸುಮ್ಮನಾಗುತ್ತಿದ್ದೆ.

ಪಂಪ್_ಹೊಸಕೋಟೆ

ಎಲ್ಲರಿಗೂ ಥ್ಯಾಂಕ್ಸ್. ನಾಲ್ಕು ದಿನ ಆದ ಮೇಲೆ ಬರೆಯುತ್ತಿದ್ದೇನೆ.

ಆ ಮನೆಯವರ ಹತ್ತಿರ ಬಾಡಿಗೆ ಕೇಳಲಿಲ್ಲ, ಲೋಡಿನ ದುಡ್ಡು ಕೊಡಲ್ಲ ಅಂದೆ. ಫೋನ್ ಕಟ್ ಮಾಡಿದರು. ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೇನೆ.

ಇಲ್ಲಿ ಓದಿದ ಮೇಲೆ ಒಂದು ಹೊಳೆಯಿತು. ಅವತ್ತು ಜಗಳ ಆದದ್ದು ಗುಂಡಿಯಿಂದ ಅಲ್ಲ. ನಾನು “ಆಗಲ್ಲ” ಅನ್ನುವ ಹೊತ್ತಿಗೆ ಟಿಎಂ ಬಂದು ನಿಂತಿತ್ತು. ಲೋಡ್ ಮಾಡಿ ಎರಡು ಗಂಟೆ ಒಳಗೆ ಕಾಂಕ್ರೀಟ್ ಇಳಿಯಬೇಕು. ಗಡಿಯಾರ ಓಡುತ್ತಿರುವಾಗ ಯಾರಿಗೂ ಕಿವಿ ಕೇಳಿಸಲ್ಲ. ಹಾಗಾಗಿ ಈಗ ಬುಕಿಂಗ್ ಬಂದ ಕೂಡಲೇ ಒಂದು ಮೆಸೇಜ್ ಕಳಿಸುತ್ತಿದ್ದೇನೆ. ರಸ್ತೆಗೆ ಅಡ್ಡ ಟೇಪ್ ಹಿಡಿದು ಫೋಟೋ ಕಳಿಸಿ. ತಲೆ ಎತ್ತಿ ತಂತಿಯ ಫೋಟೋ ಕಳಿಸಿ. ಪಕ್ಕದಲ್ಲಿ ಗುಂಡಿ, ಸಂಪು, ಚೇಂಬರ್ ಇದೆಯಾ ಹೇಳಿ. ನಮ್ಮ ಗಾಡಿ ಜಾಕ್ ಬಿಟ್ಟು ನಿಂತ ಮೇಲೆ ನಮ್ಮ ಹುಡುಗ ಫೋನ್ ಮಾಡುತ್ತಾನೆ, ಆಮೇಲೆ ಮೊದಲ ಟಿಎಂ ಪ್ಲಾಂಟ್ ಬಿಡಲಿ. ಜಾಗ ನೀವು ಹೇಳಿದ ಹಾಗೆ ಇಲ್ಲದಿದ್ದರೆ ವಾಪಸ್, ಬಂದು ಹೋದ ಬಾಡಿಗೆ ನಿಮ್ಮದು.

ಈ ಮೆಸೇಜ್ ನೋಡಿ ಒಬ್ಬರು “ಪಂಪ್ ಕೇಳಿದ್ದು, ಹೆಣ್ಣು ಕೇಳಿದ್ದಲ್ಲ” ಅಂತ ಬರೆದು ಬೇರೆ ಕಡೆ ಹೋದರು. ಒಂದು ಕೆಲಸ ಹೋಯಿತು.

ಹೈಡ್ರಾ_ಹುಬ್ಬಳ್ಳಿ

ಅಣ್ಣಾರ, ಎಲ್ಲಾ ಬರೆದಿರಿ, ಒಂದು ಬಿಟ್ಟಿರಿ. ವಾಪಸ್ ಬಂದ ದಿನ ನಿಮ್ಮ ಆಪರೇಟರ್‌ಗೆ ಭತ್ಯೆ ಉಂಟಾ?

ಪಂಪ್_ಹೊಸಕೋಟೆ

ಶನಿವಾರ ಕೊಟ್ಟಿರಲಿಲ್ಲ. ಕಾಂಕ್ರೀಟ್ ಹಾಕಿದ ಲೆಕ್ಕದ ಮೇಲೆ ಭತ್ಯೆ ಕೊಡೋದು ನಮ್ಮಲ್ಲಿ ಮೊದಲಿಂದಲೂ ರೂಢಿ. ನೀವು ಕೇಳಿದ ಮೇಲೆ ಯೋಚನೆ ಮಾಡಿದೆ. ಅವನು ಅವತ್ತು ನನಗೆ ಫೋನ್ ಮಾಡಿದ್ದಕ್ಕೆ ಅವನದೇ ದುಡ್ಡು ಹೋಯಿತು. ನಿನ್ನೆ ಕೊಟ್ಟೆ, ಪೂರ್ತಿ ದಿನದ್ದು. ಹೆಲ್ಪರ್‌ಗೂ. ಇನ್ಮೇಲೆ ಹೀಗೇ.

ಹೈಡ್ರಾ_ಹುಬ್ಬಳ್ಳಿ

ನಿಮ್ಮ ಕಡೆ ಹೈಡ್ರಾ ತಗೊಳ್ಳೋ ವಿಚಾರ ಇದ್ದರೆ ಹೇಳ್ರಿ 🙏

ಮೂವತ್ತು_ನಲವತ್ತು

ಪಂಪಿನವರೇ, ಗುರುವಾರ ನನಗೊಂದು ಮೋಲ್ಡ್ ಇದೆ, ಕೆ.ಆರ್.ಪುರ ಕಡೆ. ಟೇಪ್ ಹಿಡಿದ ಫೋಟೋ ಮೆಸೇಜಿನಲ್ಲಿ ಕಳಿಸಿದ್ದೇನೆ. 22 ಅಡಿ ಇದೆ, ತಂತಿ ಹಿಂದಿನ ರಸ್ತೆಯಲ್ಲಿ. ಬರ್ತೀರಾ?

ಪಂಪ್_ಹೊಸಕೋಟೆ

ನೋಡಿದೆ ಸಾರ್. ಟೇಪಿನ ಆ ತುದಿ ಚರಂಡಿ ಕಲ್ಲಿನ ಮೇಲಿದೆ. ಕಲ್ಲು ಬಿಟ್ಟು ಅಳೆದು ಕಳಿಸಿ.